ಗೋಧಿ ಹೊಲದ ಪಂಚಾಂಗ

ಭಾವ ಬೆಳಿಗ್ಗೆ ಐದೂವರೆಗೇ ವಿಡಿಯೋ ಕಳಿಸಿದ್ದಾರೆ. ಇಂಗ್ಲೆಂಡಿನ ವಿಲ್ಟ್‌ಶೈರ್, ಗೋಧಿ ಹೊಲ, ನಡುವೆ ಬೆಳೆ ಮಲಗಿಸಿ ಬಿಡಿಸಿದ ದೊಡ್ಡ ಚಕ್ರ. ಇದಕ್ಕೆ ಕ್ರಾಪ್ ಸರ್ಕಲ್ ಅಂತಾರೆ, ರಾತ್ರೋರಾತ್ರಿ ಮೂಡುತ್ತದೆ, ಅನ್ಯಗ್ರಹದವರೇ ಬಿಡಿಸಿದ್ದು ಅಂತ ನಂಬುವವರಿದ್ದಾರೆ. ಒಬ್ಬರು ಗಂಭೀರವಾಗಿ ಗೆರೆ ಎಣಿಸುತ್ತಾರೆ. ಇದು ಮಾಯನ್ನರ, ಅಂದರೆ ಮೆಕ್ಸಿಕೋ, ಗ್ವಾಟೆಮಾಲಾ ಕಡೆಯ ಮೂಲನಿವಾಸಿಗಳ, ಚಾಂದ್ರಮಾನ ಲೆಕ್ಕವಂತೆ, ಮುಂದಿನ ಅಮಾವಾಸ್ಯೆಗೆ ಏನೋ ಕಾದಿದೆಯಂತೆ. ಏನು ಅಂತ ತಿಳಿಯಲು ಎರಡನೇ ಭಾಗ ನೋಡಬೇಕು.

ಈ ವಿದ್ಯೆ ಕಷ್ಟ ಅಂದುಕೊಂಡಿದ್ದೆ. ಹಾಗೇನಿಲ್ಲ. 13 ಮತ್ತು 20 ಎಲ್ಲಿಂದಾದರೂ ಹೊರಡಿಸಿದರೆ ಆಯಿತು. ಗುಣಿಸಿದರೆ 260, ಅದೇ ಮಾಯನ್ನರ ತ್ಸೋಲ್ಕಿನ್ ಪಂಚಾಂಗದ ದಿನಗಳು. ಇವತ್ತು ನಮ್ಮತ್ತೆ ಬಾಗಿಲಲ್ಲಿ ಹಾಕಿದ್ದು 13ರಿಂದ 7ರ ಸಂದು ಚುಕ್ಕಿ ರಂಗೋಲಿ. 13 ಸಿಕ್ಕಿತು. ಅದಕ್ಕೆ 7 ಕೂಡಿಸಿದರೆ 20. ನನ್ನ ಮೈ ಜುಮ್ಮೆಂದಿತು. ಅದೂ ಬೆಳಕು ಹರಿಯುವ ಮೊದಲೇ ಮೂಡಿದ್ದು! "ಅತ್ತೆ, ಇದರಲ್ಲಿ ಗ್ರಹಣದ ಸೂಚನೆ ಏನಾದರೂ ಇದೆಯಾ?" ಅಂದೆ. "ತುಳೀಬೇಡಿ ಅಳಿಯಂದ್ರೇ, ಆ ಕಡೆಯಿಂದ ಹೋಗಿ" ಅಂದರು.

ರಾತ್ರೋರಾತ್ರಿ ಮೂಡಿದ್ದು ಅಂದಾಗ ಡಗ್ ಬೋವರ್, ಡೇವ್ ಚೋರ್ಲಿ ನೆನಪಾಗುತ್ತಾರೆ. ಸೌತಾಂಪ್ಟನ್ ಕಡೆಯ ಗೆಳೆಯರು. ಎಪ್ಪತ್ತರ ದಶಕದಲ್ಲಿ ಪಬ್ಬಿನಲ್ಲಿ ಕುಡಿಯುತ್ತಾ ಕುಳಿತಾಗ ಹೊಳೆದ ತಮಾಷೆ. ಒಂದು ಹಲಗೆ, ಒಂದು ಹಗ್ಗ, ಗೆರೆ ನೇರ ಬರಲಿ ಅಂತ ಟೋಪಿಗೆ ಸಿಕ್ಕಿಸಿದ ತಂತಿ. ಇಷ್ಟೇ ಬಂಡವಾಳ. ಹಲಗೆಯ ಎರಡೂ ತುದಿಗೆ ಹಗ್ಗ ಕಟ್ಟಿ, ಕೈಯಲ್ಲಿ ಹಿಡಿದು, ಕಾಲಿನಿಂದ ಒತ್ತುತ್ತಾ ಹೋದರೆ ಗೋಧಿ ಹಾಸಿಗೆಯಂತೆ ಮಲಗುತ್ತದೆ. ಜಗತ್ತಿನ ತಜ್ಞರಿಗೆ ವರ್ಷಗಟ್ಟಲೆ ಗೊತ್ತಾಗದ್ದು ಮೊದಲು ವಾಸನೆ ಹೊಡೆದದ್ದು ಡಗ್ ಹೆಂಡತಿಗೆ. ಕಾರಿನ ಮೀಟರ್ ಯಾಕೆ ಇಷ್ಟು ಓಡಿದೆ? ರಾತ್ರಿ ಯಾವಳ ಮನೆಗೆ ಹೋಗ್ತಿದ್ದಾನೆ? ಪಾಪ, ಗೋಧಿ ಹೊಲಕ್ಕೆ ಅಂತ ಯಾವ ಗಂಡ ತಾನೇ ಧೈರ್ಯವಾಗಿ ಹೇಳಿಯಾನು. 1991ರಲ್ಲಿ ಇಬ್ಬರೂ ಪತ್ರಿಕೆಗೆ ಎಲ್ಲ ಒಪ್ಪಿಕೊಂಡರು. ಮಾಡಿಯೂ ತೋರಿಸಿದರು. ಹಾಗೆ ಮಾಡಿದ ಒಂದನ್ನು ಪರೀಕ್ಷಿಸಿದ ತಜ್ಞರು, ಇದು ಅಪ್ಪಟ ಅಸಲಿ ಅಂತ ಸರ್ಟಿಫಿಕೇಟ್ ಕೊಟ್ಟಿದ್ದರು.

ವ್ಯಾಖ್ಯಾನಕಾರರು ಇದಕ್ಕೆಲ್ಲ ಜಗ್ಗುವವರಲ್ಲ. ಅವರಿಬ್ಬರದು ನಕಲಿ ಇರಬಹುದು, ಉಳಿದವು ಅಸಲಿ ಅಲ್ವಾ ಅಂದರು. 2008ರ ಜುಲೈಯಲ್ಲಿ ಅದೇ ವಿಲ್ಟ್‌ಶೈರ್‌ನ ಏವ್‌ಬರಿ ಪಕ್ಕದ ಹೊಲದಲ್ಲಿ ಸೌರಮಂಡಲದಂಥ ಚಿತ್ರ ಬಿತ್ತು. ಗ್ರಹಗಳೆಲ್ಲ 2012ರ ಡಿಸೆಂಬರ್ 21ರ ಜಾಗದಲ್ಲಿ ನಿಂತಿವೆ, ಮಾಯನ್ ಕ್ಯಾಲೆಂಡರ್ ಮುಗಿಯುವ ದಿನ ಅದೇ ಅಂದರು. 22ಕ್ಕೆ ನಮ್ಮ ಹಾಲಿನವನು ಆರಕ್ಕೇ ಬಂದ, ಹಿಂದಿನ ತಿಂಗಳ ಬಾಕಿಯನ್ನೂ ಕೇಳಿದ. ಅಸಲಿಗೆ ಆವತ್ತು ಮುಗಿದದ್ದು 13 ಬಕ್ತೂನ್, ಅಂದರೆ 18,72,000 ದಿನಗಳ ಒಂದು ಸುತ್ತು. ಗಾಡಿಯ ಮೀಟರ್ ತಿರುಗಿದರೆ ಗಾಡಿ ಗುಜರಿಗೆ ಹೋಗುತ್ತದೆಯೇ? ಮೆಕ್ಸಿಕೋದ ಹಳೆಯ ಮಾಯನ್ ನಗರ ಪಲೆಂಕೆಯ ಶಾಸನವೊಂದರಲ್ಲಿ ಮಾಯನ್ನರೇ ಕ್ರಿ.ಶ. 4772ರ ತಾರೀಖು ಕೆತ್ತಿಟ್ಟಿದ್ದಾರೆ.

ಇಲ್ಲಿಯವರೆಗೆ ನಗು ಬರುತ್ತದೆ. ಆಮೇಲೆ ಬರುವುದಿಲ್ಲ. ಜರ್ಮನಿಯ ಡ್ರೆಸ್ಡೆನ್‌ನಲ್ಲಿರುವ ಮಾಯನ್ ಹಸ್ತಪ್ರತಿಯಲ್ಲಿ ಗ್ರಹಣದ ಕೋಷ್ಟಕ ಇದೆ. 405 ಚಾಂದ್ರಮಾಸ, 11,960 ದಿನ. ಸುಮಾರು 33 ವರ್ಷದ ಲೆಕ್ಕ, ಇವತ್ತಿನ ಗಣಿತಕ್ಕೂ ಅದಕ್ಕೂ ಮೂರು ಗಂಟೆಯಷ್ಟೂ ವ್ಯತ್ಯಾಸವಿಲ್ಲ. ದುರ್ಬೀನಿಲ್ಲದೆ, ತಲೆಮಾರುಗಟ್ಟಲೆ ಆಕಾಶ ನೋಡಿ, ಬರೆದಿಟ್ಟು, ತಿದ್ದಿ ಮಾಡಿದ್ದು. ಅಂಥ ಪುಸ್ತಕಗಳನ್ನು 1562ರಲ್ಲಿ ಮೆಕ್ಸಿಕೋದ ಮನಿ ಎಂಬ ಊರಿನಲ್ಲಿ ದಿಯೆಗೋ ದೆ ಲಾಂಡಾ ಎಂಬ ಸ್ಪೇನಿನ ಪಾದ್ರಿ ರಾಶಿ ಹಾಕಿ ಸುಟ್ಟ. ಇಡೀ ಮಾಯನ್ ನಾಡಿನಿಂದ ಇಂದಿಗೆ ಉಳಿದದ್ದು ನಾಲ್ಕೇ ಹಸ್ತಪ್ರತಿ. ಉಳಿದ ಲೆಕ್ಕವನ್ನೂ ಈಗ ಅನ್ಯಗ್ರಹದವರ ಖಾತೆಗೆ ಬರೆದು, ಹಲಗೆ ತುಳಿದ ಗೋಧಿಗೆ ಅಂಟಿಸಿ, ಲೈಕ್ ಕೇಳುತ್ತಾರೆ.

ಮಾಯನ್ನರು ಮಾಯವಾದರಂತೆ, ವಿಡಿಯೋದಲ್ಲಿ ಹೇಳುತ್ತಾರೆ. ಎಲ್ಲಿ ಮಾಯವಾದರು ಸ್ವಾಮಿ? 1996ರಲ್ಲಿ ಮುಗಿದ ಗ್ವಾಟೆಮಾಲಾದ ಅಂತರ್ಯುದ್ಧದಲ್ಲಿ ಸತ್ತವರು, ಕಾಣೆಯಾದವರು 2 ಲಕ್ಷಕ್ಕೂ ಜಾಸ್ತಿ. ಗುರುತು ಸಿಕ್ಕವರಲ್ಲಿ ನೂರಕ್ಕೆ 83 ಜನ ಮಾಯಾ ಜನಾಂಗದವರು. ಆಗ ಯಾರೂ ಯಾವ ಹೊಲದಲ್ಲೂ ಸೂಚನೆ ಹುಡುಕಲಿಲ್ಲ. ಉಳಿದವರು ಅಲ್ಲಿನ ಗುಡ್ಡಗಳಲ್ಲಿ ಇವತ್ತಿಗೂ ಮುಸುಕಿನ ಜೋಳ ಬೆಳೆಯುತ್ತಾರೆ. 260 ದಿನದ ಎಣಿಕೆ ಇಟ್ಟುಕೊಂಡ ಹಿರಿಯರು ಈಗಲೂ ಇದ್ದಾರೆ. ಗೋಧಿಯನ್ನು ಕೇಳುವ ಬದಲು ಅವರನ್ನೇ ಕೇಳಬಹುದಿತ್ತು. ಅವರ ಹತ್ತಿರ ಫೋನೂ ಇದೆ, ಮಾರಾಯ್ರೇ.