ಸ್ಪಷ್ಟನೆ: ಕನಾಲ್ ದು ಮಿದಿ ದಾರಿ ಪೂರ್ತಿ ಡಾಂಬರಿನದಲ್ಲ

ದಕ್ಷಿಣ ಫ್ರಾನ್ಸಿನ ಕನಾಲ್ ದು ಮಿದಿ ಕಾಲುವೆಯ ದಂಡೆಯಲ್ಲಿ ತುಲೂಸ್‌ನಿಂದ ಮೆಡಿಟರೇನಿಯನ್ ಕಡೆಯ ತೋ ಸರೋವರದವರೆಗೆ, ಸುಮಾರು 240 ಕಿ.ಮೀ. ಉದ್ದಕ್ಕೂ ನುಣುಪಾದ ಡಾಂಬರು ಇದೆ, ರೇಸಿಂಗ್ ಸೈಕಲ್ ಸಾಕು ಎಂಬ ಸಂದೇಶ ಹರಿದಾಡುತ್ತಿದೆ. ಇದು ಅರ್ಧ ಸತ್ಯ.

ಸತತವಾಗಿ ಡಾಂಬರು ಇರುವುದು ತುಲೂಸ್‌ನಿಂದ ಪೋರ್ ಲೋರಗೆವರೆಗಿನ ಸುಮಾರು 50 ಕಿ.ಮೀ. ಮಾತ್ರ. ಮುಂದೆ ಬಹುಪಾಲು ಜಲ್ಲಿ, ಮಣ್ಣು. ಕೆಲವೆಡೆ ಒಂದೇ ಚಕ್ರದಗಲದ ಕಾಲುದಾರಿ. ದಂಡೆಯುದ್ದಕ್ಕೂ ನೆರಳಿಗೆ ನೆಟ್ಟ ಪ್ಲೇನ್ ಎಂಬ ಜಾತಿಯ ಮರಗಳ, ಅಡ್ಡಡ್ಡ ಉಬ್ಬಿ ನಿಂತ ಬೇರುಗಳೇ ನಿಜವಾದ ಕಾಟ. 25 ಮಿ.ಮೀ. ಟೈರ್ ಬೇರಿಗೆ ಬಡಿದರೆ ಟ್ಯೂಬ್ ರಿಮ್ಮಿಗೂ ಬೇರಿಗೂ ನಡುವೆ ಸಿಕ್ಕಿ, ಹಾವು ಕಚ್ಚಿದಂತೆ ಪಕ್ಕಪಕ್ಕ ಎರಡು ತೂತು ಬೀಳುತ್ತವೆ. ಗಾಳಿ ಹೆಚ್ಚು ತುಂಬಿಸಿದರೆ ತೂತು ತಪ್ಪೀತು, ಆದರೆ ಹಿಡಿತ ಹೋಗುತ್ತದೆ, ಮಣಿಕಟ್ಟು ನೋಯುತ್ತದೆ. 38–40 ಮಿ.ಮೀ. ಟೈರ್ ಹಾಕಿ, 70 ಕೆ.ಜಿ. ತೂಕದವರಿಗೆ ಗಾಳಿಯ ಒತ್ತಡ 40 ಪಿಎಸ್‌ಐ ಆಸುಪಾಸು ಸಾಕು. ಮಳೆ ಬಿದ್ದ ಮಾರನೆಯ ದಿನ ಅದೂ ಜಾರುತ್ತದೆ.

ಫೋಟೊಗಳಲ್ಲಿ ಕಾಣುವ ನೆರಳೂ ಎಲ್ಲೆಡೆ ಉಳಿದಿಲ್ಲ. 2006ರಲ್ಲಿ ಪತ್ತೆಯಾದ ಶಿಲೀಂಧ್ರ ರೋಗದಿಂದ ಸಾವಿರಾರು ಪ್ಲೇನ್ ಮರ ಕಡಿದಿದ್ದಾರೆ. ಬೇಸಿಗೆಯಲ್ಲಿ ನೀರು ಜಾಸ್ತಿ ಒಯ್ಯಿರಿ.

ರೇಸಿಂಗ್ ಸೈಕಲ್ಲೇ ಇದ್ದರೆ ಕಾಲುವೆ ಬಿಟ್ಟು, ಡಿ ಅಕ್ಷರದ ಹಳದಿ ಫಲಕವಿರುವ ಸಣ್ಣ ರಸ್ತೆ ಹಿಡಿಯಿರಿ. ಚರ್ಚಿನ ಸುತ್ತ ವೃತ್ತಾಕಾರದಲ್ಲಿ ಕಟ್ಟಿದ ಬ್ರಾಮ್ ಹಳ್ಳಿ, ಕಾರ್ಕಸೋನ್ ಕೋಟೆ ಎರಡನ್ನೂ ಹಾಗೆಯೇ ತಲುಪಬಹುದು. ಊರೊಳಗೆ ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲದಿಂದ ಬರುವ ವಾಹನಕ್ಕೇ ಮೊದಲ ದಾರಿ, ಅದು ಗಲ್ಲಿಯಿಂದ ಬಂದರೂ ಸರಿ.

ಹೊರಡುವ ಮುನ್ನ ಗಾಳಿ ನೋಡಿ: ವಾಯವ್ಯದ ಸೆರ್ಸ್ ಬೆನ್ನಿಗೆ ಬಿದ್ದರೆ ಕಡಲ ಕಡೆಗೆ ಸಲೀಸು, ಆಗ್ನೇಯದ ಓತಾನ್ ಎದುರಾದರೆ ವೇಗ ಅರ್ಧಕ್ಕಿಳಿದರೂ ಅಚ್ಚರಿಯಿಲ್ಲ.