‘ತ್ಸ’ ಕಾವ್ಯಪ್ರಕಾರದ ಹುಟ್ಟು: ಒಂದು ಸ್ಪಷ್ಟನೆ

ಚೀನಾದ ‘ತ್ಸ’ ಎಂಬ ಹಾಡುಗವಿತೆ ಸುಂಗ್ ರಾಜವಂಶದ ಕಾಲದಲ್ಲಿ (960–1279) ಹುಟ್ಟಿತೆಂದೂ, ಪ್ರತಿ ಕವಿತೆಯ ಶೀರ್ಷಿಕೆಯೇ ಅದರ ವಸ್ತುವನ್ನು ತಿಳಿಸುತ್ತದೆಂದೂ ಹೇಳುವ ಟಿಪ್ಪಣಿಯೊಂದು ಹರಿದಾಡುತ್ತಿದೆ. ಎರಡೂ ಸರಿಯಲ್ಲ.

ಸುಂಗ್ ಕಾಲದಲ್ಲಿ ಈ ಪ್ರಕಾರ ಉತ್ತುಂಗಕ್ಕೇರಿದ್ದು ನಿಜ. ಆದರೆ ಅದರ ಬೇರು ಇರುವುದು ಅದಕ್ಕೂ ಹಿಂದಿನ ತಾಂಗ್ ರಾಜವಂಶದ ಕಾಲದ ಔತಣಕೂಟಗಳಲ್ಲಿ ಗಾಯಕಿಯರು ಹಾಡುತ್ತಿದ್ದ, ಮಧ್ಯ ಏಷ್ಯಾದ ಸಂಗೀತದ ಪ್ರಭಾವವಿದ್ದ ಧಾಟಿಗಳಲ್ಲಿ. ವಾಯವ್ಯ ಚೀನಾದ ಡುನ್‌ಹುವಾಂಗ್‌ನ ಗುಹೆಯೊಂದರಲ್ಲಿ 1900ರಲ್ಲಿ ಬೆಳಕಿಗೆ ಬಂದ ಹಸ್ತಪ್ರತಿಗಳ ರಾಶಿಯಲ್ಲಿ ಇಂಥ ಹಾಡುಗಳೂ ಇದ್ದವು. 18 ಕವಿಗಳ 500 ರಚನೆಗಳನ್ನು ಒಳಗೊಂಡ ‘ಹುವಾಜಿಯನ್ ಜಿ’ ಸಂಕಲನ ಸಿದ್ಧವಾದದ್ದು 940ರಲ್ಲಿ, ಅಂದರೆ ಸುಂಗ್ ಆಳ್ವಿಕೆ ಶುರುವಾಗುವುದಕ್ಕೆ 20 ವರ್ಷ ಮೊದಲು.

ಇನ್ನು ಶೀರ್ಷಿಕೆಯ ವಿಚಾರ. ಅದು ನಾವು ಮಟ್ಟು ಎನ್ನುತ್ತೇವಲ್ಲ, ಅದರ ಹೆಸರು. ಮೊದಲೇ ಇದ್ದ ಮಟ್ಟಿಗೆ, ಸಾಲಿನ ಅಕ್ಷರಸಂಖ್ಯೆ, ಉಚ್ಚಾರದ ಏರಿಳಿತ, ಪ್ರಾಸಸ್ಥಾನ ಯಾವುದೂ ತಪ್ಪದಂತೆ ಕವಿ ಮಾತು ಕೂರಿಸುತ್ತಿದ್ದ. ಚೀನೀ ಭಾಷೆಯಲ್ಲಿ ಈ ಕೆಲಸಕ್ಕೆ ‘ತುಂಬುವುದು’ ಎಂದೇ ಹೆಸರು. ಸುಂಗ್ ಕಾಲದ ಕವಿ ಸು ಶಿ 1076ರ ಶರತ್ಕಾಲದ ಹುಣ್ಣಿಮೆಯಂದು ದೂರದಲ್ಲಿದ್ದ ತಮ್ಮನನ್ನು ನೆನೆದು ಬರೆದ ಪ್ರಸಿದ್ಧ ಕವಿತೆಯ ಮಟ್ಟಿನ ಹೆಸರಿನಲ್ಲಿ ‘ನೀರು’ ಎಂಬ ಪದವಿದೆ, ಕವಿತೆಯ ತುಂಬ ಇರುವುದು ಮಾತ್ರ ಚಂದ್ರ.