ಮೇ ತಿಂಗಳಲ್ಲಿ ಸ್ವೆಟರ್

ಅಮೆಜಾನ್ ನೌಕರರ ಕಥೆ ನಿಮಗೆ ಗೊತ್ತೇ ಇದೆ. 2019ರಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಮಂದಿ ಸಹಿ ಹಾಕಿ, ಹವಾಮಾನದ ವಿಷಯದಲ್ಲಿ ಏನಾದರೂ ಗಟ್ಟಿಯಾಗಿ ಮಾಡಿ ಎಂದು ಧಣಿಗಳನ್ನು ಕೇಳಿದರು. ಷೇರುದಾರರ ಸಭೆ ಒಪ್ಪಲಿಲ್ಲ. ಸೆಪ್ಟೆಂಬರ್‌ನಲ್ಲಿ ನೌಕರರು ಕೆಲಸ ಬಿಟ್ಟು ಹೊರಬರುವ ಹಿಂದಿನ ದಿನ, 2040ಕ್ಕೆ ನಮ್ಮ ಇಂಗಾಲದ ಲೆಕ್ಕ ಸೊನ್ನೆ ಎಂದು ಕಂಪನಿ ಸಾರಿತು. ಮರುವರ್ಷ ಏಪ್ರಿಲ್‌ನಲ್ಲಿ ಮುಂದಾಳುಗಳಾಗಿದ್ದ ಇಬ್ಬರು ಹೆಂಗಸರ ನೌಕರಿ ಸೊನ್ನೆಯಾಯಿತು. ಎಷ್ಟೆಂದರೂ ಎಲ್ಲಿಂದಲಾದರೂ ಶುರು ಮಾಡಬೇಕಲ್ಲ!

ನಮ್ಮ ಅಕ್ಕನ ಮಗನ ಕಚೇರಿ ಬಿಕೆಸಿಯಲ್ಲಿದೆ, ಅಂದರೆ ಮುಂಬೈನ ದೊಡ್ಡ ಕಚೇರಿಗಳೆಲ್ಲ ಇರುವ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನಲ್ಲಿ. ಅಲ್ಲಿಯೂ ನಲವತ್ತು ಮಂದಿ ಇಂಥದೇ ಪತ್ರ ಕೊಟ್ಟರು. ಧಣಿಗಳು ಉದಾರಿಗಳು, ಯಾರನ್ನೂ ತೆಗೆಯಲಿಲ್ಲ. ತಲೆಗೊಂದು ಬಟ್ಟೆಚೀಲ, ‘ಹಸಿರು ಯೋಧ’ ಎಂಬ ಬಿಲ್ಲೆ, ಜೊತೆಗೊಂದು ಸುತ್ತೋಲೆ: ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸಿ. ಇವನಿರುವುದು ಡೊಂಬಿವಲಿಯಲ್ಲಿ. ಅಲ್ಲಿ ನಲ್ಲಿ ಯಾರ ಅಪ್ಪಣೆಯನ್ನೂ ಕಾಯದೆ ತಾನೇ ನಿಲ್ಲುತ್ತದೆ.

ನನಗೆ ಮೋಜೆನಿಸುವುದು ಸ್ವೆಟರಿನ ಸಂಗತಿ. ಮಹಾಬಳೇಶ್ವರದ ಪ್ರವಾಸಕ್ಕೆಂದು ಅಕ್ಕ ಹೆಣೆದ ಕಂದು ಬಣ್ಣದ ಸ್ವೆಟರನ್ನು ಈ ಹುಡುಗ ಮೇ ತಿಂಗಳಲ್ಲಿ ಹೆಗಲಿಗೆ ಹಾಕಿಕೊಂಡು ಲೋಕಲ್ ಹತ್ತುತ್ತಾನೆ. ಬೆವರು ಗಲ್ಲದಿಂದ ಇಳಿದು ಉಣ್ಣೆಗೆ ಸೇರುತ್ತಿರುತ್ತದೆ. ಪಕ್ಕದವರು ಜ್ವರವೇ ಎಂದು ವಿಚಾರಿಸಿ ಅರ್ಧ ಅಂಗುಲ ಸರಿಯುತ್ತಾರೆ. ಲೋಕಲ್‌ನಲ್ಲಿ ಅರ್ಧ ಅಂಗುಲವೆಂದರೆ ಆಸ್ತಿ. “ಏನು ಮಾಡಲಿ ಮಾವ, ಮೀಟಿಂಗ್ ಕೋಣೆಯಲ್ಲಿ ಹದಿನೆಂಟು ಡಿಗ್ರಿ” ಎನ್ನುತ್ತಾನೆ. 2020ರ ಜನವರಿಯಿಂದ ಹೊಸ ಎಸಿಗಳು 24 ಡಿಗ್ರಿಗೆ ಹೊಂದಿಸಿಕೊಂಡೇ ಬರಬೇಕೆಂಬ ನಿಯಮವಿದೆ. ಅದನ್ನು ಹದಿನೆಂಟಕ್ಕೆ ಇಳಿಸುವ ಬೆರಳಿಗೆ ಮಾತ್ರ ನಿಯಮವಿಲ್ಲ. ಸೂಟು ತೊಟ್ಟವರಿಗೆ ಸೆಕೆಯಾಗಬಾರದು, ಅಷ್ಟೇ. ಕೋಟು ಕಳಚಿಡಿ ಎನ್ನಲು ಯಾವ ಯೋಧನಿಗೆ ಧೈರ್ಯವಿದೆ?

ನಗುವಷ್ಟು ನಕ್ಕಾಯಿತು. 2005ರ ಜುಲೈ 26ರಂದು ಸಾಂತಾಕ್ರೂಸ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಕುರ್ಲಾದಿಂದ ಮಾಟುಂಗಾಕ್ಕೆ ಸೊಂಟಮಟ್ಟದ ನೀರಿನಲ್ಲಿ ನಡೆದಿದ್ದೇನೆ, ಚಪ್ಪಲಿ ಕಳೆದುಕೊಂಡು, ಮುಂದಿನವನ ಅಂಗಿಯ ತುದಿ ಹಿಡಿದುಕೊಂಡು. ಅಂದು ಉಕ್ಕಿದ ಮೀಠಿ ನದಿಯ ಜೌಗು ಮುಚ್ಚಿಯೇ ಈ ಬಿಕೆಸಿ ಎದ್ದಿರುವುದು. ಆ ನೀರಿನಲ್ಲಿ ನಡೆದವರೇ ಇಂದು ಸಹಿ ಹಾಕುತ್ತಿರುವವರು. ಅವರಿಗೆ ಬಿಲ್ಲೆ ಕೊಡುತ್ತೀರಾ? ನಾಚಿಕೆಯಾಗುವುದಿಲ್ಲವೇ?

ಹುಡುಗ ಈಗ ಎರಡನೆಯ ಪತ್ರ ಬರೆದಿದ್ದಾನೆ. ಈ ಸಲ ಬೇಡಿಕೆ ಒಂದೇ, ಎಸಿ 24ಕ್ಕೆ ಬರಲಿ ಎಂದು. ಇದುವರೆಗೆ ಸಹಿ ಹನ್ನೊಂದು. ಇದು ಇಂಕ್ರಿಮೆಂಟ್ ಪತ್ರ ಕೈಗೆ ಬರುವ ತಿಂಗಳಂತೆ.